ಯೊಯಿಚಿಯ ಹೊಗೆ, ಹಕುಶುವಿನ ಹೊಗೆ

ಪೀಟ್ ಹೊಗೆ ಹಿಡಿಸಿದ ‘ಪೀಟೆಡ್’ ವಿಸ್ಕಿಯ ಮಾತು ಬಂದರೆ ಬಲ್ಲವರು ಮೊದಲು ಕೇಳುವುದು ‘ಎಷ್ಟು ಪಿಪಿಎಂ?’ ಎಂದು; ಹತ್ತು ಲಕ್ಷ ಪಾಲಿನಲ್ಲಿ ಹೊಗೆಯ ಅಂಶ ಎಷ್ಟು ಪಾಲು ಎಂಬ ಲೆಕ್ಕ ಅದು. ಜಪಾನಿನ ವಿಸ್ಕಿಯ ಮಟ್ಟಿಗೆ ಈ ಪ್ರಶ್ನೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ಕಳೆದ ತಿಂಗಳು ಅಲ್ಲಿನ ಹಕುಶು 12 ಮತ್ತು ಯೊಯಿಚಿ ಸಿಂಗಲ್ ಮಾಲ್ಟ್‌ಗಳನ್ನು (ಒಂದೇ ಭಟ್ಟಿಯಲ್ಲಿ ಮೊಳಕೆ ಬಾರ್ಲಿಯಿಂದಷ್ಟೇ ಮಾಡಿದ ವಿಸ್ಕಿಗಳು) ಅಕ್ಕಪಕ್ಕ ಇಟ್ಟುಕೊಂಡು ಕುಳಿತ ಮೇಲೆ ಅದು ಖಾತರಿಯಾಯಿತು.

ಪೀಟ್ ಎಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ನೆನೆದೂ ಪೂರ್ತಿ ಕೊಳೆಯದೆ ಉಳಿದ ಪಾಚಿ, ಹುಲ್ಲು, ಬೇರುಗಳ ಗಡ್ಡೆ. ಮೊಳಕೆ ಬಂದ ಬಾರ್ಲಿಯನ್ನು ಒಣಗಿಸುವಾಗ ಇದನ್ನು ಉರಿಸಿದರೆ ಹೊಗೆಯಲ್ಲಿರುವ, ಸುಟ್ಟ ವಾಸನೆ ಕೊಡುವ ಫೀನಾಲ್ ಎಂಬ ರಾಸಾಯನಿಕಗಳು ಕಾಳಿಗೆ ಅಂಟಿಕೊಳ್ಳುತ್ತವೆ. ಪಿಪಿಎಂ ಎಂದು ಹೇಳುವ ಸಂಖ್ಯೆ ಸಾಮಾನ್ಯವಾಗಿ ಈ ಕಾಳಿನಲ್ಲಿ ಅಳೆದದ್ದೇ ಹೊರತು ಲೋಟದಲ್ಲಿರುವ ವಿಸ್ಕಿಯಲ್ಲಿ ಅಳೆದದ್ದಲ್ಲ. ಕಾಳನ್ನು ಬಿಸಿನೀರಿನಲ್ಲಿ ಕಲಸುವಾಗ, ಭಟ್ಟಿ ಇಳಿಸುವಾಗ, ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟಾಗ ಅದರ ಬಹುಪಾಲು ಕಳೆದುಹೋಗುತ್ತದೆ. ಭಾರವಾದ ಫೀನಾಲ್‌ಗಳು ಭಟ್ಟಿಯ ಕೊನೆಯ ಹಂತದಲ್ಲಿ ಇಳಿಯುವುದರಿಂದ, ಭಟ್ಟಿಯವನು ಸಂಗ್ರಹವನ್ನು ಯಾವ ಗಳಿಗೆಯಲ್ಲಿ ನಿಲ್ಲಿಸಿದ ಎಂಬುದು ಕಾಳಿನ ಲೆಕ್ಕಕ್ಕಿಂತ ಎಷ್ಟೋ ಸಲ ಹೆಚ್ಚು ಮುಖ್ಯವಾಗುತ್ತದೆ.

ಜಪಾನಿನಲ್ಲಿ ಹೊಗೆಯ ಕಥೆ ಸೋಲಿನಿಂದ ಶುರುವಾಗುತ್ತದೆ. 1918ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ವಿಸ್ಕಿ ತಯಾರಿಕೆ ಕಲಿತು ಬಂದ ಮಸತಾಕಾ ತಕೆತ್ಸುರು, ಶಿಂಜಿರೊ ತೊರಿಯವರ ಯಮಝಾಕಿ ಭಟ್ಟಿಯಲ್ಲಿ ತಾನು ಕಲಿತಂತೆಯೇ ಮಾಡಿದರು. ಅದರ ಫಲವಾಗಿ 1929ರಲ್ಲಿ ಹೊರಬಂದ ‘ಶಿರೋಫುದಾ’ ವಿಸ್ಕಿ, ಸುಟ್ಟ ವಾಸನೆಯ ಕಾರಣಕ್ಕೆ ಅಲ್ಲಿನ ಜನರ ನಾಲಿಗೆಗೆ ಒಗ್ಗಲಿಲ್ಲ. ತೊರಿ ಹೊಗೆಯನ್ನು ತಗ್ಗಿಸುವ ದಾರಿ ಹಿಡಿದರು. ತಕೆತ್ಸುರು 1934ರಲ್ಲಿ ಉತ್ತರದ ಹೊಕ್ಕೈಡೊ ದ್ವೀಪಕ್ಕೆ ಹೋಗಿ, ಸುತ್ತಮುತ್ತ ಪೀಟೂ ಕಲ್ಲಿದ್ದಲೂ ಸಿಗುತ್ತಿದ್ದ ಯೊಯಿಚಿಯಲ್ಲಿ ತಮ್ಮದೇ ಭಟ್ಟಿ ಹೂಡಿದರು. ಮುಂದೆ ನಿಕ್ಕಾ ಆದದ್ದು ಅದೇ ಕಂಪನಿ. ಹಕುಶು ಹುಟ್ಟಿದ್ದು ಬಹಳ ತಡವಾಗಿ, 1973ರಲ್ಲಿ, ತೊರಿಯವರ ಸಂಸ್ಥೆಯಾದ ಸಂಟೋರಿಯಿಂದ, ಯಮನಾಶಿ ಪ್ರಾಂತ್ಯದ ಕಾಡಿನೊಳಗೆ, ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿ. ಒಬ್ಬರದು ಹೊಗೆಗೆ ಹೆದರಿದ ಮನೆ, ಇನ್ನೊಬ್ಬರದು ಹೊಗೆಗಾಗಿ ಊರು ಬಿಟ್ಟ ಮನೆ ಎಂದು ನಾನು ತಮಾಷೆಗೆ ಹೇಳುವುದುಂಟು.

ನನ್ನ ಮೊದಲ ಸಂಜೆ ವ್ಯರ್ಥವಾಯಿತು. ಅಡುಗೆಮನೆಯಲ್ಲಿ ಸಾರಿಗೆ ಇಂಗಿನ ಒಗ್ಗರಣೆ ಬಿದ್ದ ಹದಿನೈದು ನಿಮಿಷಕ್ಕೇ ಬಾಟಲಿ ತೆರೆದ ಮೂರ್ಖತನ ನನ್ನದೇ. ಇಂಗಿನ ಮುಂದೆ ಯಾವ ಪೀಟೂ ನಿಲ್ಲುವುದಿಲ್ಲ. ಮರುದಿನ ಊಟಕ್ಕೆ ಮೊದಲು, ಊದುಬತ್ತಿ ಹಚ್ಚದೆ, ಬಾಯಿ ಕಿರಿದಾದ ಲೋಟಗಳಲ್ಲಿ ತಲಾ 20 ಮಿಲಿ ಸುರಿದು ಹತ್ತು ನಿಮಿಷ ಬಿಟ್ಟೆ. ಹೊಗೆಗೆ ಮೂಗು ಬೇಗ ದಣಿಯುವುದರಿಂದ ಹಗುರವಾದದ್ದನ್ನು ಮೊದಲು ನೋಡಬೇಕು. ತಿರುಗುಮುರುಗಾದರೆ ಹಕುಶುವಿನಲ್ಲಿ ಹೊಗೆ ಇದೆ ಎಂದೇ ಗೊತ್ತಾಗದು.

ಶೇಕಡ 43 ಆಲ್ಕೋಹಾಲಿನ ಹಕುಶು 12ರಲ್ಲಿ ಮೊದಲು ಸಿಕ್ಕಿದ್ದು ಆಗ ತಾನೆ ಹೆಚ್ಚಿದ ಸೌತೆಕಾಯಿ, ಹಸಿರು ಸೇಬು, ಕೈಯಲ್ಲಿ ಹೊಸಕಿದ ದೊಡ್ಡಪತ್ರೆ ಎಲೆ. ಹೊಗೆಯನ್ನು ಹುಡುಕಿದರೆ ಸಿಗುವುದಿಲ್ಲ. ಗುಟುಕು ನುಂಗಿ ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರು ಬಿಟ್ಟಾಗ, ದೂರದ ಗದ್ದೆಯಲ್ಲಿ ಯಾರೋ ಎಲೆ ಸುಡುತ್ತಿರುವಂತೆ ತೆಳ್ಳಗೆ ಸುಳಿಯುತ್ತದೆ. ಅರ್ಧ ಚಮಚ ನೀರು ಬೆರೆಸಿದ ಮೇಲೆ ಅದೂ ಉಳಿಯಲಿಲ್ಲ. ನಾನು ಅಂಕ ಕಳೆದದ್ದು ಇದಕ್ಕೆ, ಹೊಗೆ ಕಡಿಮೆ ಎಂಬುದಕ್ಕಲ್ಲ. ಈಗ ಇದಕ್ಕೆ ಕೇಳುವ ಬೆಲೆಯಂತೂ ವಿಸ್ಕಿಯದಲ್ಲ, ಅಭಾವದ್ದು.

ಶೇಕಡ 45ರ ಯೊಯಿಚಿ ಬೇರೆಯೇ ಜಾತಿ. ಮಲೆನಾಡಿನ ಬಚ್ಚಲೊಲೆಗೆ ಹಸಿ ಕಟ್ಟಿಗೆ ತುರುಕಿದಾಗ ಏಳುವ ಹೊಗೆ, ಅದರ ಹಿಂದೆ ಕಿತ್ತಳೆ ಸಿಪ್ಪೆ, ಜೇಷ್ಠಮಧು, ನಾಲಿಗೆಯ ಅಂಚಿನಲ್ಲಿ ಉಪ್ಪು. ಇವೆಲ್ಲದರ ಕೆಳಗೆ ತಳ ಹಿಡಿದ ಹಾಲಿನ ವಾಸನೆ ಇದೆ. ನನಗೆ ಅತ್ಯಂತ ಇಷ್ಟವಾದದ್ದೂ ಅದೇ. ಹಲವರು ಇದನ್ನು ಪೀಟಿನ ಖಾತೆಗೆ ಬರೆದುಬಿಡುತ್ತಾರೆ. ಯೊಯಿಚಿಯಲ್ಲಿ ತಾಮ್ರದ ಭಟ್ಟಿಗಳಿಗೆ ಇಂದಿಗೂ ಸಲಿಕೆಯಲ್ಲಿ ಕಲ್ಲಿದ್ದಲು ಹಾಕಿ ನೇರವಾಗಿ ಉರಿ ಕೊಡುತ್ತಾರೆ. ಆ ಕಲ್ಲಿದ್ದಲಿನ ಹೊಗೆ ಮುಚ್ಚಿದ ಭಟ್ಟಿಯೊಳಕ್ಕೆ ಹೋಗುವುದಿಲ್ಲ, ಆದರೆ ಉರಿಯ ಕಾವಿಗೆ ಒಳಗಿನ ದ್ರವ ತಳದಲ್ಲಿ ಸೀಯುತ್ತದೆ. ಆದ್ದರಿಂದ ಇಲ್ಲಿ ಎರಡು ಬಗೆಯ ಸುಟ್ಟ ವಾಸನೆಗಳಿದ್ದು, ರುಚಿ ನೋಡುವವನು ಅವನ್ನು ಬಿಡಿಸಿ ನೋಡಬೇಕು: ನೀರು ಬೆರೆಸಿದಾಗ ಹೊಗೆ ಮೇಲಕ್ಕೆದ್ದು ಹರಡಿತು, ಸೀದ ವಾಸನೆ ಮಾತ್ರ ಇದ್ದಲ್ಲೇ ಕುಳಿತಿತ್ತು. ಅದೇ ಭಟ್ಟಿಗಳ ಕುತ್ತಿಗೆಗೆ ಜಪಾನಿನ ಶಿಂಟೋ ಧರ್ಮದ ಪದ್ಧತಿಯ ಹುಲ್ಲಿನ ಹಗ್ಗ ಕಟ್ಟಿರುತ್ತಾರೆ. ಸಾಕೆ ಎಂಬ ಅಕ್ಕಿಯ ಮದ್ಯ ತಯಾರಿಸುವ ಮನೆತನದಲ್ಲಿ ಹುಟ್ಟಿದ ತಕೆತ್ಸುರು ಅಲ್ಲಿಂದ ತಂದ ರೂಢಿ ಅದು.

ಹೋಲಿಕೆಗೆಂದು ಮೂರನೆಯ ಲೋಟದಲ್ಲಿ ನಮ್ಮ ಬೆಂಗಳೂರಿನ ಅಮೃತ್ ಪೀಟೆಡ್ ಇಟ್ಟಿದ್ದೆ. ಅದರ ಹೊಗೆ ಹತ್ತುವುದು ಸ್ಕಾಟ್ಲೆಂಡಿನಿಂದ ತರಿಸಿದ ಮಾಲ್ಟ್‌ನಿಂದ, ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ. ಜಪಾನಿನಲ್ಲೂ ಪೀಟೆಡ್ ಮಾಲ್ಟ್ ಇಂದು ಹೆಚ್ಚಾಗಿ ಹೊರಗಿನದೇ, ಅಲ್ಲಿನ ತಯಾರಕರ ಸಂಘ 2021ರಲ್ಲಿ ಜಾರಿಗೆ ತಂದ ಮಾನದಂಡವೂ ಬಾರ್ಲಿ ಜಪಾನಿನದೇ ಆಗಿರಬೇಕೆಂದು ಹೇಳುವುದಿಲ್ಲ. ಬೆಂಗಳೂರಿನ ಸೆಕೆಗೆ ಬೇಗ ಮಾಗಿದ ಅಮೃತ್‌ನಲ್ಲಿ ಹೊಗೆ ಬಾಗಿಲಲ್ಲೇ ಎದುರಾಗುತ್ತದೆ. ಯೊಯಿಚಿಯಲ್ಲಿ ಅದು ನಡುಮನೆಯಲ್ಲಿ ಕುಳಿತಿರುತ್ತದೆ, ಹಕುಶುವಿನಲ್ಲಿ ಹಿತ್ತಿಲಲ್ಲಿ.

ಲೋಟಗಳನ್ನು ತೊಳೆಯದೆ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮೂಸುವುದು ನನ್ನ ಅಭ್ಯಾಸ. ಹಕುಶುವಿನ ಲೋಟದಲ್ಲಿ ಒಣ ಮರದ ವಾಸನೆಯ ಹೊರತು ಏನೂ ಉಳಿದಿರಲಿಲ್ಲ. ಯೊಯಿಚಿಯ ಲೋಟವನ್ನು ಎರಡು ಸಲ ತೊಳೆಯಬೇಕಾಯಿತು.