ಸೋದೆ ಅರಸರ ಕಾಗದ ಬೇಕಾದರೆ ಪಣಜಿಗೆ ಬನ್ನಿ

ನನ್ನ ತವರು ಶಿರಸಿ. ಹತ್ತಿರದ ಸೋದೆಯನ್ನು ಆಳಿದ ಅರಸರ ಕತೆ ಕೇಳುತ್ತಲೇ ಬೆಳೆದವಳು. ಮದುವೆಯಾಗಿ ಬಂದದ್ದು ಗೋವೆಯ ಫೋಂಡಾಕ್ಕೆ. 1763-64ರಲ್ಲಿ ಹೈದರಾಲಿಯ ಸೇನೆ ಸೋದೆಗೆ ನುಗ್ಗಿದಾಗ ಅಲ್ಲಿಯ ಅರಸರು ಪೋರ್ಚುಗೀಸರ ಆಸರೆ ಕೇಳಿಕೊಂಡು ಗೋವೆಗೆ ಬಂದರು. ಅವರ ಮನೆತನ ನೆಲೆ ನಿಂತದ್ದು ನಮ್ಮ ಪಕ್ಕದ ಬಾಂದೋಡೆಯಲ್ಲಿ. ಅರಸರೂ ನನ್ನ ಹಾಗೇ ಘಟ್ಟ ಇಳಿದು ಇಲ್ಲಿಗೇ ಬಂದರು ನೋಡಿ ಅಂತ ಅತ್ತೆಯವರ ಹತ್ತಿರ ತಮಾಷೆ ಮಾಡುತ್ತಿರುತ್ತೇನೆ.

ಈ ಅರಸರ ಬಗ್ಗೆ ಸ್ವಲ್ಪ ಜಾಸ್ತಿ ಓದೋಣ ಅಂತ ಹೊರಟರೆ ಅಡಿಟಿಪ್ಪಣಿಗಳಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಗೋವೆಯ ಇತಿಹಾಸಕಾರ ಪಾಂಡುರಂಗ ಪಿಸುರ್ಲೇಕರ್. 1894ರಲ್ಲಿ ಸತ್ತರಿ ತಾಲೂಕಿನ ಪಿಸುರ್ಲೆಯಲ್ಲಿ ಹುಟ್ಟಿದವರು. 1930ರ ದಶಕದಿಂದ 1961ರ ತನಕ ಗೋವೆಯ ಪತ್ರಾಗಾರವನ್ನು, ಅಂದರೆ ಪಣಜಿಯ ಹಳೆಯ ಸರ್ಕಾರಿ ಕಾಗದಗಳ ಭಂಡಾರವನ್ನು, ನೋಡಿಕೊಂಡವರು.

ಆ ಪತ್ರಾಗಾರ ಶುರುವಾದದ್ದು 1595ರಲ್ಲಿ. ಮೊದಲು ಅದನ್ನು ವಹಿಸಿಕೊಂಡವರು ಚರಿತ್ರಕಾರ ದಿಯೋಗು ದು ಕೋತು. ಅಲ್ಲಿ 'ಮಳೆಗಾಳಿಯ ಪುಸ್ತಕಗಳು' ಎನ್ನುವ ದಾಖಲೆಗಳ ಸಾಲೇ ಇದೆ. ಲಿಸ್ಬನ್ನಿನ ಹಡಗು ಓಡಾಡುತ್ತಿದ್ದದ್ದು ಮಳೆಗಾಳಿ ನೋಡಿಕೊಂಡು. ಆ ಹಡಗುಗಳಲ್ಲಿ ಬಂದ, ಹೋದ ಕಾಗದಗಳನ್ನೆಲ್ಲ ಕಟ್ಟಿಟ್ಟ ಸಂಪುಟಗಳಿವು. ಅವುಗಳಲ್ಲಿ 62ನ್ನು ಹದಿನೆಂಟನೇ ಶತಮಾನದಲ್ಲೇ ಲಿಸ್ಬನ್ನಿಗೆ ಸಾಗಿಸಿದರು! 'ನೆರೆಯ ಅರಸರು' ಅಂತ ಇನ್ನೊಂದು ಸಾಲು. ಕೆಳದಿ, ಸೋದೆ, ಮರಾಠರ ಜೊತೆಗಿನ ಪತ್ರವ್ಯವಹಾರ ಅದರಲ್ಲಿದೆ.

ಇಷ್ಟೆಲ್ಲ ಇದ್ದೂ ಯಾವ ಕಟ್ಟಿನಲ್ಲಿ ಏನಿದೆ ಅಂತ ಗೊತ್ತಾಗದಿದ್ದರೆ ಏನು ಬಂತು? ಪಿಸುರ್ಲೇಕರ್ ಅದಕ್ಕೊಂದು ಕೈಪಿಡಿ ಮಾಡಿದರು, 1955ರಲ್ಲಿ. 1953ರಿಂದ 57ರ ನಡುವೆ, ಗೋವೆಯ ವೈಸರಾಯರಿಗೆ ಸಲಹೆ ಕೊಡುತ್ತಿದ್ದ ರಾಜ್ಯ ಪರಿಷತ್ತಿನ ನಡಾವಳಿಗಳನ್ನು ಐದು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. 1618ರಿಂದ 1750ರವರೆಗಿನವು.

ಕೆಳದಿಯ ಶಿವಪ್ಪ ನಾಯಕ ಹೊನ್ನಾವರ, ಬಸರೂರು, ಮಂಗಳೂರಿನ ಕೋಟೆಗಳನ್ನು ಪೋರ್ಚುಗೀಸರಿಂದ ಕಿತ್ತುಕೊಂಡದ್ದು ಈ ಅವಧಿಯಲ್ಲೇ. ಶಾಲೆಯಲ್ಲಿ ನಮಗೆ ಅದು ಒಂದು ಸಾಲಿನ ಪಾಠ. ಸೋತವರಿಗೆ ಅದು ಮಾನದ ಪ್ರಶ್ನೆ ಮಾತ್ರ ಆಗಿರಲಿಲ್ಲ, ಊಟದ ಪ್ರಶ್ನೆಯೂ ಹೌದು. ಗೋವೆಯವರು ಉಣ್ಣುತ್ತಿದ್ದದ್ದು ನಮ್ಮ ಕರಾವಳಿಯ ಅಕ್ಕಿ. ಕೋಟೆ ಹೋದರೆ ಅಕ್ಕಿಗೆ ಎಲ್ಲಿ ಹೋಗೋದು? ಗೆದ್ದವರ ಊರಿನವರಾದ ನಾವು ಸೋತವರ ಕಾಗದವನ್ನೂ ಓದಬೇಕು ಅಂತ ನನಗನ್ನಿಸಿದ್ದು ಇದಕ್ಕೇ.

ಪಿಸುರ್ಲೇಕರ್ ಮಾಡಿದ್ದು ಪೋರ್ಚುಗೀಸ್ ಸರ್ಕಾರದ ಕೆಲಸ, ಬರೆದದ್ದು ಹೆಚ್ಚಾಗಿ ಪೋರ್ಚುಗೀಸಿನಲ್ಲಿ. ಅದನ್ನು ಹಿಡಿದು ಅವರನ್ನು ಸುಮ್ನೆ ಪಕ್ಕಕ್ಕೆ ಸರಿಸುವವರಿಗೆ ನಾನು 1952ರ ಅವರ ಒಂದು ಪುಸ್ತಕ ತೋರಿಸುತ್ತೇನೆ. ಇಂಡಿಯಾದಲ್ಲಿ ಪೋರ್ಚುಗೀಸರ ಪರವಾಗಿ ಸಂಧಾನಕ್ಕೆ ಓಡಾಡಿದ ಹಿಂದೂ, ಮುಸ್ಲಿಂ, ಯಹೂದಿ, ಪಾರ್ಸಿ ಜನರ ಬಗ್ಗೆ ಅದು. ಇಲ್ಲಿಯವರ ಬಾಯಿ, ಬುದ್ಧಿ ಇಲ್ಲದೆ ವೈಸರಾಯರ ಒಂದು ಒಪ್ಪಂದವೂ ಸುಲಭಕ್ಕೆ ಕುದುರುತ್ತಿರಲಿಲ್ಲ ಅಂತ ಯಾರಿಗಾದರೂ ಅರ್ಥವಾಗುತ್ತದೆ. ಅದೇ ಸರ್ಕಾರದ ಸಂಬಳದಲ್ಲಿದ್ದು, ಅದರದೇ ಭಾಷೆಯಲ್ಲಿ ಇದನ್ನು ಬರೆಯೋದು ಸಣ್ಣ ಕೆಲಸವೇನಲ್ಲ, ಅಲ್ವಾ?

ಓದಲು ಒಣಒಣ, ನಿಜ. ಕತೆ ಹೇಳುವ ಗೋಜಿಗೆ ಹೋಗದೆ ದಾಖಲೆಯನ್ನೇ ಮುಂದಿಡುತ್ತಾರೆ. ಬಣ್ಣ ಬಣ್ಣವಾಗಿ ಹೇಳುವವರಿಗಿಂತ ನನಗೆ ಇವರ ಮೇಲೇ ನಂಬಿಕೆ ಜಾಸ್ತಿ.

1969ರಲ್ಲಿ ತೀರಿಕೊಂಡರು. ಅವರ ಪುಸ್ತಕ ಸಂಗ್ರಹ ಈಗ ಗೋವಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಪೋರ್ಚುಗೀಸ್ ಬಾರದವರು ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ಬಿ. ಎಸ್. ಶಾಸ್ತ್ರಿಯವರಿಂದ ಶುರು ಮಾಡಬಹುದು. ಗೋವೆಗೂ ಕೆನರಾಕ್ಕೂ ಇದ್ದ ಸಂಬಂಧದ ಬಗ್ಗೆ ಅವರು ಇಂಗ್ಲಿಷಿನಲ್ಲೇ ಬರೆದಿದ್ದಾರೆ.