ಪುಟ್ಟಿಯ ನಿದ್ದೆ: ಮೂರು ವಾರದ ಲೆಕ್ಕ

ಪುಟ್ಟಿಗೆ ಈಗ ಏಳೂವರೆ ತಿಂಗಳು. ಅವಳ ನಿದ್ದೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರು ಮಾಡಿ ಇವತ್ತಿಗೆ 21 ದಿನ.

ದಿನ 1–3. ಏನೂ ಬದಲಿಸಲಿಲ್ಲ, ಸುಮ್ನೆ ಬರೆದುಕೊಂಡೆ. ಹಗಲು ನಾಲ್ಕು ನಿದ್ದೆ, ಒಂದೊಂದೂ ಅರ್ಧ ಗಂಟೆ. ಕೊನೆಯದು ಸಂಜೆ 6.30ಕ್ಕೆ. ಹಾಗಾಗಿ ರಾತ್ರಿ 10 ಆದರೂ ಕಣ್ಣು ಪಿಳಿಪಿಳಿ. ಮಲಗಿದ ಮೇಲೂ ಐದು ಸಲ ಎಚ್ಚರ. ಎಲ್ಲಾ ಕೂಡಿಸಿದರೆ 10 ಗಂಟೆ ನಿದ್ದೆ. 4ರಿಂದ 12 ತಿಂಗಳ ಮಕ್ಕಳಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 12ರಿಂದ 16 ಗಂಟೆ ಬೇಕು. ಆ ಲೆಕ್ಕ ನೋಡಿ ಹೊಟ್ಟೆ ಚುರ್ ಎಂದಿತು.

ಕಾರಣವೂ ಆ ಪುಟದಲ್ಲೇ ಇತ್ತು. ಎದ್ದು ಒಂದೂವರೆ ಗಂಟೆಯಾದ ಕೂಡಲೇ ನಾನು ತೊಟ್ಟಿಲಿಗೆ ಹಾಕುತ್ತಿದ್ದೆ. ನಾಲ್ಕು ತಿಂಗಳಲ್ಲಿ ಅದು ಸರಿಯಾಗಿತ್ತು. ಈ ವಯಸ್ಸಿಗೆ ಎರಡರಿಂದ ಮೂರು ಗಂಟೆ ಎಚ್ಚರ ಇರಬೇಕು. ಹಸಿವಿನ ಹಾಗೆ ನಿದ್ದೆಯೂ ಎಚ್ಚರವಿದ್ದಷ್ಟು ಹೊತ್ತು ಒಳಗೇ ಕೂಡಿಕೊಳ್ಳುತ್ತದೆ, ಅಲ್ವಾ? ಅರೆಹಸಿವಿಗೆ ಉಣಿಸಿದರೆ ಎರಡು ತುತ್ತಿಗೇ ಸಾಕು ಅನ್ನುತ್ತಾಳೆ. ಇದೂ ಹಾಗೇ.

ದಿನ 4–10. ಎಚ್ಚರದ ಹೊತ್ತನ್ನು ಮೂರು ದಿನಕ್ಕೊಮ್ಮೆ 15 ನಿಮಿಷ ಹೆಚ್ಚಿಸಿದೆ. ಒಂದೂಮುಕ್ಕಾಲು ಗಂಟೆ, ಆಮೇಲೆ ಎರಡು, ಆಮೇಲೆ ಎರಡೂಕಾಲು. ಕೊನೆಯ ಕಾಲು ಗಂಟೆ ಕಷ್ಟ. ಕಿವಿ ಉಜ್ಜಿಕೊಳ್ಳುತ್ತಾಳೆ, ನನ್ನ ಹೆಗಲಿಗೆ ಮೂಗು ತಿಕ್ಕುತ್ತಾಳೆ. ಆಗ ಎತ್ತಿಕೊಂಡು ಹಿತ್ತಲಿಗೆ ಹೋಗಿ ಕರಿಬೇವಿನ ಗಿಡ ಮುಟ್ಟಿಸುತ್ತಿದ್ದೆ.

6ನೇ ದಿನ ಮಲಗಿದ 34ನೇ ನಿಮಿಷಕ್ಕೆ ಸರಿಯಾಗಿ ಕುಕ್ಕರ್ ಕೂಗಿತು, ಎದ್ದುಬಿಟ್ಟಳು. ಮಕ್ಕಳ ನಿದ್ದೆಯ ಒಂದು ಸುತ್ತು ಮುಕ್ಕಾಲು ಗಂಟೆಯ ಆಸುಪಾಸು. ಸುತ್ತು ಮುಗಿಯುತ್ತಾ ಬಂದಾಗ ನಿದ್ದೆ ತೆಳ್ಳಗಾಗುತ್ತದೆ, ಸಣ್ಣ ಸದ್ದೂ ಸಾಕು. ಅತ್ತೆಗೆ ಹೇಳಿದೆ. ‘ಅದಕ್ಕೇನಂತೆ, ಅವಳು ಮಲಗೋಕೆ ಮುಂಚೇನೇ ಬೇಳೆ ಬೇಯಿಸಿಬಿಡ್ತೀನಿ’ ಅಂದರು. ಅವತ್ತಿನಿಂದ ಹಾಗೇ ನಡೆದಿದೆ.

ದಿನ 11. ನೆಂಟರ ಮನೆಯ ಗೃಹಪ್ರವೇಶ. ಎತ್ತಿಕೊಳ್ಳುವವರು ಜಾಸ್ತಿ, ಮಲಗಿಸಲು ಮೂಲೆಯಿಲ್ಲ. ನಾಲ್ಕು ಗಂಟೆ ಎಚ್ಚರವಿದ್ದಳು. ದಣಿದಿದ್ದಾಳೆ, ರಾತ್ರಿ ಚೆನ್ನಾಗಿ ಮಲಗುತ್ತಾಳೆ ಅಂದರು ಎಲ್ಲರೂ. ನಾನೂ ಹಾಗೇ ಅಂದುಕೊಂಡೆ. ರಾತ್ರಿ ರಚ್ಚೆ ಹಿಡಿದು ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಅತ್ತಳು. ಬೆಳಗಿನ ಜಾವ 4.40ಕ್ಕೇ ಎದ್ದಳು. ಹೊತ್ತು ಮೀರಿ ದಣಿದ ಮಗು ನಿದ್ದೆಗೆ ಜಾರುವುದೇ ಕಷ್ಟ. ಮರುದಿನ ಎಚ್ಚರದ ಹೊತ್ತು ಕಡಿಮೆ ಮಾಡಿ 6.45ಕ್ಕೇ ಮಲಗಿಸಿದೆ. ಎರಡು ದಿನದಲ್ಲಿ ದಾರಿಗೆ ಬಂದಳು.

ದಿನ 14–20. ಈಗ ನಿಂತಿರುವ ಲೆಕ್ಕ ಇದು: ಬೆಳಿಗ್ಗೆ 6.30ಕ್ಕೆ ಏಳುವುದು. 8.45ರಿಂದ 10 ಮೊದಲ ನಿದ್ದೆ. ಅತ್ತೆ ಅವಳಿಗೆ ಮಾಡಿಸುವ ಎಣ್ಣೆ ಸ್ನಾನ ಮೊದಲು 8ಕ್ಕೆ ಇತ್ತು, ಈಗ 11.30ಕ್ಕೆ. ಸ್ನಾನ ಮುಗಿದು ಹಾಲು ಕುಡಿದರೆ 12.30ರಿಂದ 2ರವರೆಗೆ ಗಾಢ ನಿದ್ದೆ. ಇದೇ ಬದಲಾವಣೆಯಿಂದ ಎಲ್ಲಕ್ಕಿಂತ ಹೆಚ್ಚು ಲಾಭ ಆಯಿತು. ಸಂಜೆ 4.30ಕ್ಕೆ ಬರೀ ಅರ್ಧ ಗಂಟೆ, 5ಕ್ಕೆ ಎಬ್ಬಿಸುತ್ತೇನೆ. 7.45ಕ್ಕೆ ರಾತ್ರಿ ನಿದ್ದೆ. ಹಾಲಿಗೆ ಎರಡು ಸಲ ಏಳುತ್ತಾಳೆ. ಅದನ್ನು ತಪ್ಪಿಸುವ ಆಸೆ ನನಗಿಲ್ಲ, ಹಸಿವಾದರೆ ಏಳಲಿ.

ಒಂದೇ ಸಂಕಟ, ಇವರು ಕೆಲಸದಿಂದ ಬರುವಾಗ 8.30. ಮಗಳು ಆಗಲೇ ಮಲಗಿರುತ್ತಾಳೆ. ಮೊದಮೊದಲು ಅದಕ್ಕೆ ಬೇಜಾರು ಮಾಡಿಕೊಂಡರು. ಈಗ ಬೆಳಗಿನ 6.30ರಿಂದ 8.45 ಪೂರಾ ಅವರದ್ದೇ. ರಾಗಿ ಸರಿಯನ್ನೂ ಅವರೇ ತಿನ್ನಿಸುತ್ತಾರೆ.

ದಿನ 21. ಸಂಜೆಯ ನಿದ್ದೆ ಬೇಡ ಎಂದು 20 ನಿಮಿಷ ಆಟವಾಡಿದಳು. ಒಂದು ದಿನಕ್ಕೆ ಏನನ್ನೂ ತೀರ್ಮಾನಿಸಲ್ಲ. ವಾರವಿಡೀ ಹೀಗೇ ಆದರೆ ಎರಡೇ ನಿದ್ದೆಗೆ ಇಳಿಸಬೇಕು, ಎಚ್ಚರದ ಹೊತ್ತನ್ನು ಮೂರು ಗಂಟೆಗೆ ಏರಿಸಬೇಕು. ರಾತ್ರಿ ತೊಟ್ಟಿಲ ಪಕ್ಕ ಕೂತಿದ್ದೆ. ನನ್ನ ಬೆರಳು ಹಿಡಿದಿದ್ದ ಮುಷ್ಟಿ ಒಂದೊಂದೇ ಬೆರಳಾಗಿ ಸಡಿಲವಾಯಿತು. ಗಡಿಯಾರ ನೋಡಿದೆ, 7.52. ಬರೆದುಕೊಂಡೆ.