ಹಳೇ ಕೇಸು, ಹಳೇ ಶಿಕ್ಷೆ

ಅಡಿಕೆ ಕೊಯ್ಲಿನ ಕಾಲದಲ್ಲಿ ಕಳ್ಳನೊಬ್ಬ ಸಿಕ್ಕಿಬಿದ್ದ ಸುದ್ದಿ ಬಂದರೆ ತೀರ್ಥಹಳ್ಳಿಯ ಹೋಟೆಲುಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಅವನ ಮೇಲೆ ಆಗಲೇ ಆರೇಳು ಕೇಸಿವೆ, ಈ ಸಲ ವರ್ಷಗಟ್ಟಲೆ ಒಳಗೇ." ವರ್ಷದ ಫಸಲು ಕಳೆದುಕೊಂಡವರ ಸಿಟ್ಟು ನ್ಯಾಯವಾದದ್ದೇ. ಆದರೆ ವಕೀಲನಾಗಿ ನಾನು ಹೇಳಬೇಕಾದದ್ದೇನೆಂದರೆ, ಶಿಕ್ಷೆಯ ಪ್ರಮಾಣ ನಿಗದಿಪಡಿಸುವಾಗ ಆ ಆರೇಳು ಕೇಸುಗಳಿಗೆ ತೂಕವಿಲ್ಲ. ಅವುಗಳ ಪೈಕಿ ಎಷ್ಟರಲ್ಲಿ ಅವನು ದೋಷಿಯೆಂದು ತೀರ್ಪಾಗಿದೆ ಎಂಬುದಕ್ಕಷ್ಟೇ ತೂಕ. ಮಹಾರಾಷ್ಟ್ರದ ಮರಣದಂಡನೆ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ಇದನ್ನೇ ಸ್ಪಷ್ಟಪಡಿಸಿ, ವಿಚಾರಣೆಗೆ ಬಾಕಿಯಿರುವ ಪ್ರಕರಣಗಳನ್ನು ಶಿಕ್ಷೆ ವಿಧಿಸುವಾಗ ಪರಿಗಣಿಸಬಾರದು ಎಂದಿತು. ರೌಡಿ ಶೀಟಿಗೂ ಇದೇ ಮಾತು ಅನ್ವಯಿಸಬೇಕೆಂಬುದು ನನ್ನ ಅಭಿಪ್ರಾಯ. ಅದು ಠಾಣೆಯ ದಾಖಲೆ, ತೀರ್ಪಲ್ಲ.

ಭಾರತೀಯ ನ್ಯಾಯ ಸಂಹಿತೆಯ 13ನೇ ಕಲಂ ಹಳೆಯ ದಂಡ ಸಂಹಿತೆಯ 75ನೇ ಕಲಮಿನ ಮುಂದುವರಿಕೆ. ನಾಣ್ಯ, ನೋಟುಗಳಿಗೆ ಅಥವಾ ಸ್ವತ್ತಿಗೆ ಸಂಬಂಧಿಸಿದ, ಮೂರು ವರ್ಷ ಅಥವಾ ಹೆಚ್ಚಿನ ಸಜೆಯ ಅಪರಾಧದಲ್ಲಿ ಶಿಕ್ಷೆಗೊಳಗಾದವನು ಅಂಥದೇ ಅಪರಾಧವನ್ನು ಮತ್ತೆ ಮಾಡಿದರೆ ಹತ್ತು ವರ್ಷದವರೆಗಿನ ಸಜೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದು. ಇಲ್ಲಿ ಸಾಮಾನ್ಯವಾಗಿ ಯಾರ ಗಮನಕ್ಕೂ ಬಾರದ ಒಂದು ಸಂಗತಿಯಿದೆ. ಎರಡನೆಯ ಅಪರಾಧ ನಡೆದಿರಬೇಕಾದದ್ದು ಮೊದಲನೆಯದರ ತೀರ್ಪಿನ ನಂತರ. ಒಂದೇ ಹಂಗಾಮಿನಲ್ಲಿ ಐದು ಮನೆಗಳ ಅಂಗಳದಿಂದ ಅಡಿಕೆ ಚೀಲ ಹೊತ್ತವನಿಗೆ ಐದು ತೀರ್ಪುಗಳೂ ಆಮೇಲೆ ಬಂದರೆ, ಅವನು ಈ ಕಲಮಿನ ಹಿಡಿತಕ್ಕೆ ಸಿಗುವುದಿಲ್ಲ. ಕೇಳುವವರಿಗೆ ಇದು ವಿಚಿತ್ರವೆನಿಸಬಹುದು, ಆದರೆ ಕಾನೂನು ಹೆಚ್ಚುವರಿಯಾಗಿ ದಂಡಿಸುವುದು ಒಮ್ಮೆ ನ್ಯಾಯಾಲಯದ ಮಾತು ಕೇಳಿಯೂ ಕಿವಿಗೆ ಹಾಕಿಕೊಳ್ಳದವನನ್ನು.

ಹಿಂದಿನ ಶಿಕ್ಷೆಯ ದಿನಾಂಕ, ಸ್ಥಳಗಳನ್ನು ದೋಷಾರೋಪಣೆಯಲ್ಲಿ ನಮೂದಿಸಬೇಕು. ಆದರೂ ಸೆಷನ್ಸ್ ವಿಚಾರಣೆಯಲ್ಲಿ ಈಗಿನ ಅಪರಾಧದಲ್ಲಿ ಆರೋಪಿ ದೋಷಿಯೆಂದು ತೀರ್ಮಾನವಾಗುವವರೆಗೆ ಸರ್ಕಾರಿ ಅಭಿಯೋಜಕರು ಅದನ್ನು ಪ್ರಸ್ತಾಪಿಸುವಂತಿಲ್ಲ. ಹಿಂದೆ ಕದ್ದಿದ್ದಾನೆ, ಹಾಗಾಗಿ ಈಗಲೂ ಕದ್ದಿರಬೇಕು ಎಂಬ ತರ್ಕ ನ್ಯಾಯಾಧೀಶರ ತಲೆಗೆ ಹೋಗದಿರಲೆಂಬುದೇ ಇದರ ಉದ್ದೇಶ.

ತೀರ್ಮಾನವಾದ ಮೇಲೂ ಆರೋಪಿ ಅಲ್ಲಗಳೆದರೆ, ಹಿಂದಿನ ತೀರ್ಪಿನ ದೃಢೀಕೃತ ನಕಲು ಅಥವಾ ಜೈಲಿನ ಅಧಿಕಾರಿಯ ಪ್ರಮಾಣಪತ್ರ ಬೇಕು, ಜೊತೆಗೆ ಆ ದಾಖಲೆಯಲ್ಲಿರುವ ವ್ಯಕ್ತಿ ಇವನೇ ಎಂಬುದಕ್ಕೆ ಸಾಕ್ಷ್ಯವೂ ಬೇಕು. ಹೋಬಳಿಗೆ ಹತ್ತಾರು ಮಂಜುನಾಥರಿರುವ ನಮ್ಮ ಸೀಮೆಯಲ್ಲಿ ಇದು ಬರೀ ಶಾಸ್ತ್ರಕ್ಕೆ ಇಟ್ಟ ನಿಯಮವಲ್ಲ. ನಾನು ಕಂಡಂತೆ ಅಭಿಯೋಜನೆ ಎಡವುವುದು ಇಲ್ಲಿಯೇ; "ರೂಢಿಗತ ಅಪರಾಧಿ" ಎಂದು ದೋಷಾರೋಪಣಾ ಪಟ್ಟಿಯಲ್ಲಿ ಬರೆದುಬಿಡುವವರು ಬೇರೆ ತಾಲ್ಲೂಕಿನ ಕೋರ್ಟಿನಿಂದ ನಕಲು ತರಿಸುವ ಗೋಜಿಗೆ ಹೋಗುವುದಿಲ್ಲ.

ರುಜುವಾತಾದರೂ 13ನೇ ಕಲಂ ಗರಿಷ್ಠ ಮಿತಿಯನ್ನಷ್ಟೇ ಏರಿಸುತ್ತದೆ. ಇಪ್ಪತ್ತು ವರ್ಷದ ಹಿಂದಿನ ಸೈಕಲ್ ಕಳವನ್ನೂ ಹೋದ ವರ್ಷದ ಮನೆಗಳವನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಕಿಲ್ಲ. ನಡುವಿನ ಅವಧಿಯಲ್ಲಿ ಆತ ಹೇಗೆ ಬದುಕಿದ ಎಂಬುದನ್ನು ಶಿಕ್ಷೆಯ ಪ್ರಮಾಣದ ವಿಚಾರಣೆಯಲ್ಲಿ ವಕೀಲರು ಮುಂದಿಡಬಹುದು. ನ್ಯಾಯಾಧೀಶರ ಕೈ ಕಟ್ಟಿರುವುದು 303ನೇ ಕಲಮಿನ ಕಳವಿನಲ್ಲಿ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಮೊದಲ ಕಳವಿಗೆ, ಮಾಲು ಹಿಂದಿರುಗಿಸಿದರೆ, ಸಮುದಾಯ ಸೇವೆಯ ಶಿಕ್ಷೆ ಸಾಕು. ಎರಡನೆಯ ಬಾರಿ ದೋಷಿಯೆಂದಾದರೆ ಕನಿಷ್ಠ ಒಂದು ವರ್ಷದ ಕಠಿಣ ಸಜೆ.